‘ಇರಕ್ಟ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ಕನ್ನಡದಲ್ಲಿ ‘ತೇಗು’ ಸಾಕೇ?

ಕುಂಬಳೆಯ ಅಧ್ಯಾಪಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಗ್ರಂಥಾಲಯದ ಹಳೆಯ ಕಪಾಟಿನಲ್ಲಿ ರಟ್ಟು ಹರಿದು, ಮೊದಲ ಕೆಲವು ಹಾಳೆಗಳೂ ಕಳೆದುಹೋಗಿರುವ ಒಂದು ಇಂಗ್ಲಿಷ್ ಪ್ರವಾಸ ಕಥನ ಸಿಕ್ಕಿತು. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಓದಲು ಕೊಡುವ ಉದ್ದೇಶದಿಂದ ಅದರ ಎರಡು ಅಧ್ಯಾಯಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ಕ್ರಿಯಾಪದ ಎರಡು ಕಡೆ ಬಂದಿದೆ. ಇ, ಆರ್, ಯು, ಸಿ, ಟಿ ಎಂಬ ಐದು ಅಕ್ಷರಗಳ ಆ ಪದವನ್ನು ‘ಇರಕ್ಟ್’ ಎಂದು ಉಚ್ಚರಿಸಬೇಕೆಂದು ಈಗ ತಿಳಿದಿದೆ. ಮೊದಲ ಸಲ ಓದಿದಾಗ ಅದು ‘ಇರಪ್ಟ್’ ಎಂಬ ಪದದ ಅಚ್ಚಿನ ತಪ್ಪೆಂದೇ ಭಾವಿಸಿ, ಕರಡಿನಲ್ಲಿ ‘ಸಿಟ್ಟಿನಿಂದ ಸಿಡಿದರು’ ಎಂದು ಬರೆದೆ, ತರಗತಿಯಲ್ಲಿಯೂ ಹಾಗೆಯೇ ಓದಿ ಹೇಳಿದೆ. ಮರುದಿನ ಒಬ್ಬಳು ವಿದ್ಯಾರ್ಥಿನಿ ನಿಘಂಟನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಆ ಪದಕ್ಕೆ ತೇಗುವುದು ಎಂಬ ಅರ್ಥವಿದೆಯೆಂದು ತೋರಿಸಿದಳು. ಉಂಡು ತೃಪ್ತರಾಗಿ ಕುಳಿತ ಒಬ್ಬ ಸಜ್ಜನರನ್ನು ನನ್ನ ಅನುವಾದ ಕೋಪಿಷ್ಠರನ್ನಾಗಿ ಮಾಡಿಬಿಟ್ಟಿತ್ತು. ಅಂದಿನಿಂದ ಈ ಒಂದು ಪದ ನನ್ನ ಮನಸ್ಸಿನಲ್ಲಿಯೇ ಕುಳಿತಿದೆ.

ಮೊದಲನೆಯ ಸಂದರ್ಭ ಹೀಗಿದೆ: ಅತಿಥಿಗಳೊಂದಿಗೆ ಊಟ ಮುಗಿಸಿದ ಮನೆಯ ಯಜಮಾನರು ಕೈ ತೊಳೆದು ಬಂದು, ಜಗಲಿಯ ಕಂಬಕ್ಕೆ ಒರಗಿ ಕುಳಿತು, ನಿಧಾನವಾಗಿ, ಬೇಕೆಂದೇ ‘ಇರಕ್ಟ್’ ಮಾಡುತ್ತಾರೆ. ಎರಡನೆಯದರಲ್ಲಿ ಹಡಗಿನಿಂದ ಕಾಣುವ ಒಂದು ಪರ್ವತವು ರಾತ್ರಿಯಿಡೀ ಹೊಗೆಯನ್ನು ‘ಇರಕ್ಟ್’ ಮಾಡುತ್ತದೆ. ಎರಡೂ ಕಡೆ ಒಂದೇ ಪದವನ್ನು ಬಳಸಿದ ಲೇಖಕರ ಮನಸ್ಸಿನಲ್ಲಿ ಏನಿತ್ತು, ತೇಗಿಗೆ ಇಂಗ್ಲಿಷಿನಲ್ಲಿ ‘ಬೆಲ್ಚ್’, ‘ಬರ್ಪ್’ ಎಂಬ ಪದಗಳಿರುವಾಗ ಇದರ ಅಗತ್ಯವೇನು, ‘ಇರಕ್ಟೇಟ್’ ಎಂಬ ಉದ್ದನೆಯ ರೂಪಕ್ಕೂ ಇದಕ್ಕೂ ವ್ಯತ್ಯಾಸವಿದೆಯೇ ಎಂಬುದನ್ನು ತಿಳಿದವರು ಹೇಳಬೇಕು. ಕನ್ನಡದಲ್ಲಿ ‘ತೇಗು’ ಎಂದರೆ ಸಾಕೇ, ಅಥವಾ ಅಪರೂಪದ ಪದಕ್ಕೆ ಅಪರೂಪದ ಪದವನ್ನೇ ಹುಡುಕಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಪಕ್ಕದ ವಿಭಾಗದಲ್ಲಿ ಮಲಯಾಳಂ ಕಲಿಸುವ ಸಹೋದ್ಯೋಗಿಯನ್ನು ಕೇಳಿದಾಗ ಅವರು, ತಮ್ಮಲ್ಲಿ ‘ಏಂಬಕ್ಕಂ’ ಎಂಬ ನಾಮಪದವಿದ್ದು ಅದರೊಡನೆ ‘ವಿಡುಕ’ ಎಂಬ ಕ್ರಿಯಾಪದವನ್ನು ಸೇರಿಸಿಕೊಳ್ಳಬೇಕೆಂದೂ, ಕನ್ನಡದಲ್ಲಿ ಒಂದೇ ಪದದಲ್ಲಿ ಮುಗಿಯುವುದು ಅನುಕೂಲವೆಂದೂ ಹೇಳಿದರು. ಆ ಅನುಕೂಲವನ್ನು ಸರಿಯಾಗಿ ಬಳಸಿಕೊಳ್ಳುವ ದಾರಿ ನನಗೆ ಇನ್ನೂ ಹೊಳೆದಿಲ್ಲ.

ಮಂಜೇಶ್ವರದ ನಿವೃತ್ತ ಅಧ್ಯಾಪಕಿ

ಮಾಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಪರವಾಗಿಯೂ ಶಹಬ್ಬಾಸ್ ಹೇಳಿ. ‘ಇರಕ್ಟ್’ ಮತ್ತು ‘ಇರಪ್ಟ್’ ಎರಡೂ ಲ್ಯಾಟಿನ್ ಮೂಲದವು, ಎರಡರಲ್ಲಿಯೂ ‘ಹೊರಗೆ’ ಎಂಬ ಅರ್ಥದ ಉಪಸರ್ಗವಿದೆ. ಉಳಿದ ಅರ್ಧದಲ್ಲಿ ಮಾತ್ರ ವ್ಯತ್ಯಾಸ. ‘ಇರಪ್ಟ್’ ಎಂಬುದು ಒಡೆಯುವುದು, ಮುರಿಯುವುದು ಎಂಬ ಅರ್ಥದ ‘ರುಂಪೆರೆ’ ಧಾತುವಿನಿಂದ ಬಂದಿದ್ದು, ಒಡೆದುಕೊಂಡು ಹೊರಬರುವುದೆಂಬ ಅರ್ಥವನ್ನು ಕೊಡುತ್ತದೆ. ‘ಇರಕ್ಟ್’ ಎಂಬುದು ‘ರುಕ್ತಾರೆ’, ಅಂದರೆ ತೇಗುವುದು ಎಂಬ ಧಾತುವಿನಿಂದ ಬಂದುದು. ಜ್ವಾಲಾಮುಖಿಯ ವಿಷಯ ಬಂದಾಗ ಇವೆರಡೂ ಒಂದೇ ವಾಕ್ಯದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವಷ್ಟು ಹತ್ತಿರವಾಗುವುದರಿಂದ ನಿಮಗಾದಂಥ ಗೊಂದಲ ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರಿಗೂ ಆಗುತ್ತದೆ.

ತೇಗಿನ ಮೂರು ಪದಗಳಲ್ಲಿ ‘ಬೆಲ್ಚ್’ ಹಳೆಯ ಇಂಗ್ಲಿಷಿನಿಂದಲೇ ಬಂದ ಸಾವಿರ ವರ್ಷಗಳ ಮನೆಮಾತು. ‘ಬರ್ಪ್’ ತೇಗಿನ ಧ್ವನಿಯನ್ನೇ ಅನುಕರಿಸಿ ಹುಟ್ಟಿದ ಪದವಾಗಿದ್ದು, 1930ರ ದಶಕದ ಅಮೆರಿಕದಲ್ಲಿ ಬಳಕೆಗೆ ಬಂತು. ಇವುಗಳ ನಡುವೆ, ಪಂಡಿತರು ಲ್ಯಾಟಿನ್ನಿನಿಂದ ಪದಗಳನ್ನು ಧಾರಾಳವಾಗಿ ತರುತ್ತಿದ್ದ ಕಾಲದಲ್ಲಿ ‘ಇರಕ್ಟೇಶನ್’ ಎಂಬ ನಾಮಪದ ಮೊದಲು ಬಂತು, ‘ಇರಕ್ಟ್’ ಮತ್ತು ‘ಇರಕ್ಟೇಟ್’ ಎಂಬ ಕ್ರಿಯಾಪದಗಳು 17ನೇ ಶತಮಾನದಲ್ಲಿ ಕಾಣಿಸಿಕೊಂಡವು. ಕ್ರಿಯಾಪದಗಳೆರಡರ ಅರ್ಥದಲ್ಲಿ ವ್ಯತ್ಯಾಸವಿಲ್ಲ. ಉದ್ದನೆಯ ರೂಪ ವೈದ್ಯರ ಬರವಣಿಗೆಯಲ್ಲಿ ಹೆಚ್ಚು, ಚಿಕ್ಕ ರೂಪ ಸಾಹಿತ್ಯದಲ್ಲಿ ಅಪರೂಪಕ್ಕೆ ಬರುತ್ತದೆ. ಮಾತಿನಲ್ಲಿ ಎರಡನ್ನೂ ಯಾರೂ ಆಡುವುದಿಲ್ಲ. ಊಟದ ಮೇಜಿನಲ್ಲಿ ಮಗನನ್ನು ಗದರಿಸುವ ಇಂಗ್ಲಿಷ್ ತಾಯಿ ‘ಇರಕ್ಟ್ ಮಾಡಬೇಡ’ ಎಂದು ಹೇಳುವುದನ್ನು ಊಹಿಸಿಕೊಳ್ಳುವುದಕ್ಕೂ ಆಗದು.

ಬಳಕೆಯ ಇನ್ನೊಂದು ಅಂಶವನ್ನು ಹೇಳಬೇಕು. ಮಗುವಿಗೆ ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟಿ ತೇಗು ಬರಿಸುತ್ತೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ‘ಬರ್ಪ್’ ಎಂಬುದನ್ನು ಸಕರ್ಮಕವಾಗಿ ಬಳಸುತ್ತಾರೆ. ಮಗುವನ್ನು ‘ಬರ್ಪ್’ ಮಾಡುತ್ತಾರೆ. ‘ಇರಕ್ಟ್’ ಪದಕ್ಕೆ ಅಂಥ ಬಳಕೆಯಿಲ್ಲ. ಅದು ಸಕರ್ಮಕವಾದಾಗ ಅದರ ಕರ್ಮ ಯಾವಾಗಲೂ ಹೊರಗೆ ಬೀಳುವ ವಸ್ತು: ಗಾಳಿ, ಹೊಗೆ, ಬೂದಿ, ಕೆಲವೊಮ್ಮೆ ಮಾತು.

ಸಾಮಾನ್ಯ ಪದವಿದ್ದರೂ ಈ ಪದವೇಕೆ ಬಂತು ಎಂಬುದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ವಿವರಣೆ ಇಂಗ್ಲಿಷಿನದಲ್ಲ, ಸ್ಪ್ಯಾನಿಷ್ ಭಾಷೆಯದು. ಸೆರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಎರಡನೆಯ ಭಾಗ 1615ರಲ್ಲಿ ಪ್ರಕಟವಾಯಿತು. ಅದರಲ್ಲಿ ತನ್ನ ಸೇವಕ ಸ್ಯಾಂಚೊ ಒಂದು ದ್ವೀಪದ ಆಡಳಿತಕ್ಕೆ ಹೊರಟಾಗ ಕ್ವಿಕ್ಸೋಟ್ ಅವನಿಗೆ ನಡವಳಿಕೆಯ ಪಾಠ ಹೇಳುತ್ತಾ, ಯಾರೆದುರಿಗೂ ‘ಎರುತಾರ್’ ಮಾಡಬಾರದೆನ್ನುತ್ತಾನೆ. ಆ ಪದ ತನಗೆ ಅರ್ಥವಾಗಲಿಲ್ಲವೆಂದು ಸ್ಯಾಂಚೊ ಹೇಳುತ್ತಾನೆ. ಆಗ ಕ್ವಿಕ್ಸೋಟ್ ವಿವರಿಸುವ ಮಾತು ಇದು: ತೇಗುವುದಕ್ಕೆ ತಮ್ಮ ಭಾಷೆಯಲ್ಲಿರುವ ‘ರೆಗೊಲ್ದಾರ್’ ಎಂಬ ಪದ ಅರ್ಥವತ್ತಾದುದಾದರೂ ಕೇಳಲು ಒರಟಾಗಿರುವುದರಿಂದ ನಯವಂತರು ಲ್ಯಾಟಿನ್ನಿನ ಮೊರೆಹೊಕ್ಕಿದ್ದಾರೆ, ಈಗ ಕೆಲವರಿಗೆ ತಿಳಿಯದಿದ್ದರೂ ಬಳಸುತ್ತಾ ಹೋದರೆ ರೂಢಿಯಾಗುತ್ತದೆ, ಭಾಷೆ ಬೆಳೆಯುವುದೇ ಹೀಗೆ. ನಾಲ್ಕು ನೂರು ವರ್ಷಗಳ ಹಿಂದಿನ ಈ ಸಂಭಾಷಣೆಯಲ್ಲಿ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರವಿದೆ. ಪದ ಬೇರೆಯಾದರೂ ಕ್ರಿಯೆ ಬೇರೆಯಲ್ಲ. ಬದಲಾಗುವುದು ಹೇಳುವವರ ದನಿ, ಅವರು ನಿಂತಿರುವ ದೂರ.

ಆದುದರಿಂದ ನನ್ನ ಸಲಹೆಯೇನೆಂದರೆ, ಇಂಗ್ಲಿಷರಿಗೆ ಲ್ಯಾಟಿನ್ ಹೇಗೋ ನಮಗೆ ಸಂಸ್ಕೃತ ಹಾಗೆ. ಸಂಸ್ಕೃತದಲ್ಲಿ ತೇಗಿಗೆ ‘ಉದ್ಗಾರ’ ಎಂಬ ಪದವಿದೆ. ‘ಯಜಮಾನರು ಉದ್ಗಾರ ಬಿಟ್ಟರು’ ಎಂದು ಬರೆದರೆ ಮೂಲದ ಗಾಂಭೀರ್ಯ ಉಳಿಯುತ್ತದೆ.

ಬದಿಯಡ್ಕದ ಪಶುವೈದ್ಯ

ಟೀಚರ್ ಹೇಳಿದ್ದನ್ನು ಗೌರವದಿಂದ ಒಪ್ಪುತ್ತಲೇ ಒಂದು ತಿದ್ದುಪಡಿ ಸೂಚಿಸುತ್ತೇನೆ. ಈ ಪದಕುಟುಂಬ ಸಾಹಿತ್ಯದಲ್ಲಿ ಅಪರೂಪವಾಗಿರಬಹುದು, ಆದರೆ ನಮ್ಮ ವೃತ್ತಿಯಲ್ಲಿ ದಿನಬಳಕೆಯದು. ಪಶುವೈದ್ಯ ವಿಜ್ಞಾನದ ಮೊದಲ ವರ್ಷದಲ್ಲಿಯೇ ‘ಇರಕ್ಟೇಶನ್’ ಎಂಬುದನ್ನು ಕಲಿಯುತ್ತೇವೆ, ಮತ್ತೆ ನಿವೃತ್ತಿಯವರೆಗೂ ಅದನ್ನು ಬರೆಯುತ್ತಲೇ ಇರುತ್ತೇವೆ. ಪ್ರಾಣಿಯ ವಿಷಯದಲ್ಲಿ ‘ಬೆಲ್ಚ್’ ಎಂದು ಬರೆದರೂ ತಪ್ಪಲ್ಲ. ಆದರೆ ಆ ಪದದಲ್ಲಿ ಸದ್ದೂ ಅಸಭ್ಯತೆಯೂ ಸೇರಿಕೊಂಡಿವೆ, ದನದ ತೇಗಿನಲ್ಲಿ ಎರಡೂ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದನದ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಹುದುಗು ಬರಿಸುವ ಸೂಕ್ಷ್ಮಜೀವಿಗಳಿಂದ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಅನಿಲಗಳು ಎಡೆಬಿಡದೆ ಉತ್ಪತ್ತಿಯಾಗುತ್ತವೆ. ದೊಡ್ಡ ತಳಿಯ ಒಂದು ಹಸುವಿನಿಂದ ದಿನಕ್ಕೆ 250ರಿಂದ 500 ಲೀಟರಿನಷ್ಟು ಮೀಥೇನ್ ಹೊರಬೀಳುತ್ತದೆ, ನಮ್ಮ ಊರಿನ ಕಾಸರಗೋಡು ಗಿಡ್ಡ ತಳಿಯ ಹಸುವಿನಲ್ಲಿ ದೇಹದ ಗಾತ್ರಕ್ಕೆ ತಕ್ಕಂತೆ ಕಡಿಮೆ. ಹಿಂದಿನಿಂದ ಹೋಗುತ್ತದೆಯೆಂದು ಹಲವರು ತಿಳಿದಿದ್ದರೂ ಅದರ ಬಹುಪಾಲು ಹೋಗುವುದು ಬಾಯಿ ಮೂಗುಗಳಿಂದ. ಸುಮಾರು ನಿಮಿಷಕ್ಕೊಂದು ಸಲ ಹೊಟ್ಟೆಯ ಗೋಡೆ ಸಂಕುಚಿಸಿ, ಮೇಲೆ ಸೇರಿದ ಅನಿಲವನ್ನು ಅನ್ನನಾಳಕ್ಕೆ ತಳ್ಳುತ್ತದೆ. ಅದರಲ್ಲಿ ಒಂದು ದೊಡ್ಡ ಭಾಗ ಮೊದಲು ಶ್ವಾಸಕೋಶಕ್ಕೆ ಹೋಗಿ, ಉಸಿರಿನೊಂದಿಗೆ ಹೊರಬರುವುದರಿಂದ ಹಟ್ಟಿಯಲ್ಲಿ ಪಕ್ಕದಲ್ಲಿ ನಿಂತವರಿಗೂ ಸದ್ದು ಕೇಳಿಸದು. ಹಟ್ಟಿಯಲ್ಲಿ ಹುಟ್ಟಿ ಬೆಳೆದವರು ಕೂಡ ದನ ಮೆಲುಕು ಹಾಕುತ್ತದೆ ಎನ್ನುತ್ತಾರೆಯೇ ಹೊರತು ದನ ತೇಗುತ್ತದೆ ಎನ್ನುವುದಿಲ್ಲ. ಮೆಲುಕು ಹಾಕುವಾಗ ಬರುವುದು ಮೇವು, ತೇಗಿನಲ್ಲಿ ಬರುವುದು ಅನಿಲ. ಎರಡೂ ಬೇರೆ ಬೇರೆ ಕ್ರಿಯೆಗಳು.

ತೇಗು ನಿಂತಾಗಲೇ ಅದು ಇತ್ತೆಂಬುದು ಗೊತ್ತಾಗುವುದು. ಹಲಸಿನ ಕಾಲದಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ಕರೆ ಬಂದ ಒಂದು ಮನೆಗೆ ಹೋದಾಗ, ಎಡಪಕ್ಕೆ ಮದ್ದಳೆಯಂತೆ ಬಿಗಿದು ಬೆನ್ನಿಗಿಂತಲೂ ಮೇಲೆ ಉಬ್ಬಿದ್ದ ಹಸು, ಕುತ್ತಿಗೆ ಚಾಚಿ, ನಾಲಗೆ ಹೊರಹಾಕಿ, ನಿಲ್ಲಲಾರದೆ ನಿಂತಿತ್ತು. ಮಾವಿನ ಗೊರಟೊಂದು ಅನ್ನನಾಳದಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಸರಿಸಿ ರಬ್ಬರಿನ ಕೊಳವೆಯನ್ನು ಇಳಿಸಿದೊಡನೆ ಹುಳಿವಾಸನೆಯ ಅನಿಲ ಬುಸ್ಸೆಂದು ಹೊರಟು, ನನ್ನ ಕೈಯ ಕೆಳಗೇ ಎಡಪಕ್ಕೆ ನಿಧಾನವಾಗಿ ಇಳಿಯಿತು. ಹೊಟ್ಟೆಯುಬ್ಬರವೆಂದು ಜನ ಕರೆಯುವ ಈ ಸ್ಥಿತಿಗೆ ನನ್ನ ವರದಿಯಲ್ಲಿ ಬರೆದ ವಾಕ್ಯ ‘ಹಸುವಿಗೆ ಇರಕ್ಟೇಟ್ ಮಾಡಲಾಗುತ್ತಿರಲಿಲ್ಲ’ ಎಂಬುದಾಗಿತ್ತು. ಅಲ್ಲಿ ಆ ಪದದಲ್ಲಿ ಯಾವ ಆಡಂಬರವೂ ಇಲ್ಲ, ಅದು ಬದುಕಿ ಉಳಿಯಲು ಬೇಕಾದ ಕ್ರಿಯೆಯೊಂದರ ಹೆಸರು.

ಕೃಷಿಕರಿಗಾಗಿ ಕನ್ನಡದಲ್ಲಿ ಬರೆಯುವ ಮಾಹಿತಿಪತ್ರದಲ್ಲಿ ನಾನು ಇದುವರೆಗೆ ‘ಅನಿಲ ಹೊರಹಾಕುವುದು’ ಎಂದು ಬರೆಯುತ್ತಿದ್ದೆ. ಅದು ಸರಿಯಲ್ಲವೆಂದು ಈಗ ಅನಿಸುತ್ತಿದೆ, ಯಾವ ದಾರಿಯಿಂದ ಎಂಬುದು ಅದರಲ್ಲಿ ಇಲ್ಲ. ‘ತೇಗು’ ಎಂದು ಬರೆದರೆ ದಾರಿಯೂ ಕ್ರಿಯೆಯೂ ಒಂದೇ ಪದದಲ್ಲಿ ಸ್ಪಷ್ಟವಾಗುತ್ತದೆ. ‘ಉದ್ಗಾರ’ ಎಂದು ಬರೆದರೆ ದನ ಏನೋ ಕೂಗಿತೆಂದು ಓದುಗರು ತಿಳಿಯುವ ಭಯ ನನಗಿದೆ.

ನೀರ್ಚಾಲಿನ ಸಂಸ್ಕೃತಾಭ್ಯಾಸಿ

ಡಾಕ್ಟರರ ಭಯ ಸಕಾರಣವಾದುದು. ‘ಉದ್ಗಾರ’ ಪದದ ಬಗ್ಗೆ ನಾನು ತಿಳಿದಷ್ಟನ್ನು ಹೇಳಿ, ಟೀಚರ ಸಲಹೆಯನ್ನು ನಾನೇಕೆ ಒಪ್ಪಲಾರೆ ಎಂಬುದನ್ನೂ ಹೇಳುತ್ತೇನೆ.

‘ಗೄ’ ಎಂಬ ಧಾತುವಿಗೆ ನುಂಗು ಎಂಬ ಅರ್ಥವಿದೆ. ಅದಕ್ಕೆ ‘ಉತ್’ ಎಂಬ ಉಪಸರ್ಗ ಸೇರಿದಾಗ ನುಂಗಿದುದರ ವಿರುದ್ಧ ದಿಕ್ಕು, ಅಂದರೆ ಒಳಗಿನದು ಮೇಲೆದ್ದು ಬರುವುದು ಎಂದಾಗುತ್ತದೆ. ತೇಗು ಎಂಬ ಅರ್ಥದಲ್ಲಿ ಈ ಪದಕ್ಕೆ ಆಯುರ್ವೇದದಲ್ಲಿ ಗಟ್ಟಿಯಾದ ಸ್ಥಾನವಿದೆ. ತಡೆದುಕೊಳ್ಳಬಾರದ 13 ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ಚರಕಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆಗಳ ಸಾಲಿನಲ್ಲಿ ಉದ್ಗಾರವೂ ಇದೆ. ಉಂಡದ್ದು ಜೀರ್ಣವಾಯಿತೆಂಬುದಕ್ಕೆ ವೈದ್ಯರು ನೋಡುವ ಲಕ್ಷಣಗಳಲ್ಲಿ ‘ಉದ್ಗಾರಶುದ್ಧಿ’ ಒಂದು; ತೇಗಿನಲ್ಲಿ ಉಂಡ ಪದಾರ್ಥದ ವಾಸನೆಯಾಗಲಿ ಹುಳಿಯಾಗಲಿ ಇಲ್ಲದಿರುವುದೇ ಶುದ್ಧಿ. ಯೋಗಶಾಸ್ತ್ರವು ಹೇಳುವ ಐದು ಉಪವಾಯುಗಳಲ್ಲಿ ನಾಗವೆಂಬ ವಾಯುವಿನ ಕೆಲಸ ಉದ್ಗಾರ. ಇವುಗಳಲ್ಲಿ ಎಲ್ಲಿಯೂ ನಾಚಿಕೆಯ ಛಾಯೆಯಿಲ್ಲ.

ಇತಿಹಾಸ ಪುರಾಣಗಳಲ್ಲಿಯೂ ಹಾಗೆಯೇ. ಪಾಂಡವರ ವನವಾಸ ಕಾಲದಲ್ಲಿ ದುರ್ವಾಸರು ಶಿಷ್ಯಸಮೂಹದೊಂದಿಗೆ ಊಟಕ್ಕೆ ಬಂದು ಸ್ನಾನಕ್ಕೆ ಹೋದಾಗ, ದ್ರೌಪದಿಯ ಪಾತ್ರೆಯ ಕಂಠದಲ್ಲಿ ಅಂಟಿಕೊಂಡಿದ್ದ ಸೊಪ್ಪಿನ ಚೂರನ್ನು ಕೃಷ್ಣನು ತಿನ್ನುತ್ತಾನಷ್ಟೆ. ಆ ಕ್ಷಣದಲ್ಲಿ ನದಿಯಲ್ಲಿ ನಿಂತಿದ್ದ ಮುನಿಗಳಿಗೆ ಅನ್ನರಸ ಕೂಡಿದ ಉದ್ಗಾರಗಳು ಬಂದು ಪರಮತೃಪ್ತಿಯಾಯಿತೆಂದು ಮಹಾಭಾರತದ ಪ್ರಚಲಿತ ಪಾಠದಲ್ಲಿದೆ. ಹೊಟ್ಟೆ ತುಂಬಿದೆಯೆಂಬುದಕ್ಕೆ ತೇಗೇ ಸಾಕ್ಷಿ. ವಾತಾಪಿಯನ್ನು ಜೀರ್ಣಿಸಿಕೊಂಡ ಅಗಸ್ತ್ಯರು ಹೊಟ್ಟೆ ನೀವಿಕೊಂಡು ತೇಗಿದರೆಂದು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಕತೆ ಹೇಳುವಾಗಲೂ ಆ ತೇಗು ಇಲ್ವಲನಿಗೆ ಸಿಕ್ಕಿದ ಉತ್ತರವೇ ಆಗಿರುತ್ತದೆ.

ಆದರೆ ಕನ್ನಡದಲ್ಲಿ ‘ಉದ್ಗಾರ’ ಈ ಅರ್ಥವನ್ನು ಬಿಟ್ಟು ಬಹಳ ದೂರ ಬಂದಿದೆ. ಸಂತೋಷ, ದುಃಖ, ಅಚ್ಚರಿಗಳಲ್ಲಿ ತಾನಾಗಿ ಬಾಯಿಂದ ಹೊರಡುವ ‘ಆಹಾ’, ‘ಅಯ್ಯೋ’ ಮೊದಲಾದ ಮಾತುಗಳಿಗೆ ಅದು ಹೆಸರಾಗಿ ನಿಂತಿದೆ. ‘ಊಟವಾದ ಮೇಲೆ ಯಜಮಾನರು ಉದ್ಗರಿಸಿದರು’ ಎಂದು ಬರೆದರೆ ಓದುಗರು ಅವರು ಏನೆಂದರು ಎಂದು ಮುಂದಿನ ಸಾಲಿಗೆ ಕಾಯುತ್ತಾರೆ. ‘ಉದ್ಗಾರ ಬಿಟ್ಟರು’ ಎಂದರೂ ಆಹಾಕಾರವೇ ಕಿವಿಗೆ ಬರುತ್ತದೆ. ಆಯುರ್ವೇದದ ಪಾಠದಲ್ಲಿ ಸರಿಯಾದ ಪದ ಪ್ರವಾಸ ಕಥನದಲ್ಲಿ ಓದುಗರನ್ನು ದಾರಿತಪ್ಪಿಸುತ್ತದೆ.

ಈಗ ಪರ್ವತದ ವಾಕ್ಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಪ್ರಿಯವಾದ ವಿಷಯ ಇಲ್ಲಿದೆ. ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿಯು ‘ಕಾವ್ಯಾದರ್ಶ’ದ ಮೊದಲ ಪರಿಚ್ಛೇದದಲ್ಲಿ ನಿಷ್ಠ್ಯೂತ, ಉದ್ಗೀರ್ಣ, ವಾಂತ, ಅಂದರೆ ಉಗುಳಿದ, ತೇಗಿ ಹೊರಹಾಕಿದ, ಕಾರಿದ ಎಂಬ ಮೂರು ಪದಗಳನ್ನು ಹೆಸರಿಸಿ, ಇವು ಗೌಣಾರ್ಥದಲ್ಲಿ, ಅಂದರೆ ನೇರ ಅರ್ಥ ಬಿಟ್ಟು ಲಾಕ್ಷಣಿಕವಾಗಿ, ಬಂದಾಗ ಅತಿಸುಂದರ, ಉಳಿದಂತೆ ಗ್ರಾಮ್ಯ ಎಂದು ಹೇಳುತ್ತಾನೆ. ನಿಮ್ಮ ಇಂಗ್ಲಿಷ್ ಲೇಖಕರು ಒಂದೇ ಪದವನ್ನು ಮನುಷ್ಯನಿಗೂ ಪರ್ವತಕ್ಕೂ ಬಳಸಿ ಈ ಎರಡೂ ಅರ್ಥಗಳನ್ನು ಮುಟ್ಟಿದ್ದಾರೆ. ಕನ್ನಡದ ವಿಶೇಷವೇನೆಂದರೆ, ದಂಡಿ ಹೇಳಿದ ಮೂರರಲ್ಲಿ ಎರಡನ್ನು ನಾವು ಗೌಣಾರ್ಥದಲ್ಲಿ ನಿತ್ಯವೂ ಬಳಸುತ್ತೇವೆ. ಬೆಟ್ಟ ಬೆಂಕಿ ಉಗುಳುತ್ತದೆ, ಕಣ್ಣು ಕಿಡಿ ಕಾರುತ್ತದೆ, ಚಿಮಣಿ ಹೊಗೆ ಉಗುಳುತ್ತದೆ, ದ್ವೇಷಿಸುವವನು ವಿಷ ಕಾರುತ್ತಾನೆ. ‘ತೇಗು’ ಮಾತ್ರ ಈ ಸಾಲಿಗೆ ಬರಲಿಲ್ಲ. ಬೆಟ್ಟ ಹೊಗೆ ತೇಗಿತೆಂದು ಕನ್ನಡದಲ್ಲಿ ಯಾರೂ ಹೇಳಲಾರರು. ತೇಗಿಗೆ ಕನ್ನಡದಲ್ಲಿ ಗೌಣಾರ್ಥ ಇಲ್ಲವೆಂದಲ್ಲ. ಇದೆ, ಆದರೆ ಅದು ಹೊರಬರುವುದರ ಕಡೆಯಿಂದ ಹುಟ್ಟಿದ್ದಲ್ಲ, ಒಳಗೆ ತುಂಬಿಕೊಂಡದ್ದರ ಕಡೆಯಿಂದ ಹುಟ್ಟಿದ್ದು. ಸಾರ್ವಜನಿಕರ ಹಣವನ್ನು ‘ತಿಂದು ತೇಗಿದರು’ ಎಂಬ ಮಾತನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ! ಹಿಂದಿಯಲ್ಲಿಯೂ ‘ಡಕಾರ್ ಜಾನಾ’ ಎಂದರೆ ಇನ್ನೊಬ್ಬರದ್ದನ್ನು ನುಂಗಿಹಾಕುವುದು. ಲ್ಯಾಟಿನ್ ಮತ್ತು ಇಂಗ್ಲಿಷ್ ತೇಗಿನಲ್ಲಿ ಹೊರಗೆ ಬೀಳುವುದನ್ನು ಕಂಡವು, ನಾವು ಹೊಟ್ಟೆ ತುಂಬಿದ್ದನ್ನು ಕಂಡೆವು. ಆದುದರಿಂದ ಎರಡು ವಾಕ್ಯಗಳಿಗೂ ಒಂದೇ ಕನ್ನಡ ಪದವನ್ನು ಹುಡುಕುವುದನ್ನು ಮಾಷ್ಟ್ರು ಬಿಟ್ಟುಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬೇಳದ ಓದುಗ

ಟೀಚರು ‘ಕೆಲವೊಮ್ಮೆ ಮಾತು’ ಎಂದು ಹೇಳಿ ಮುಂದೆ ಹೋದುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಲ್ಯಾಟಿನ್ ಬೈಬಲಿನ 44ನೆಯ ಕೀರ್ತನೆ, ಅಂದರೆ ಹೀಬ್ರೂ ಎಣಿಕೆಯ 45ನೆಯದು, ‘ಎರುಕ್ತಾವಿತ್ ಕೋರ್ ಮೆಉಮ್ ವೆರ್ಬುಮ್ ಬೋನುಮ್’ ಎಂದು ಆರಂಭವಾಗುತ್ತದೆ. ಅಕ್ಷರಶಃ ಹೇಳುವುದಾದರೆ, ನನ್ನ ಹೃದಯವು ಒಳ್ಳೆಯ ಮಾತೊಂದನ್ನು ತೇಗಿತು ಎಂದಾಗುತ್ತದೆ. ಹೀಬ್ರೂ ಮೂಲದಲ್ಲಿ ಇರುವುದು ಒಳಗೆ ಮಿಡುಕಿ ಉಕ್ಕುವುದೆಂಬ ಅರ್ಥದ ಪದ, ಅದನ್ನು ಗ್ರೀಕ್ ಭಾಷೆಗೆ ತಂದವರು ತೇಗಿನ ಕ್ರಿಯಾಪದದಿಂದ ಅನುವಾದಿಸಿದರು, ಲ್ಯಾಟಿನ್ ಅದನ್ನೇ ಅನುಸರಿಸಿತು. ಹಗಲು ಹಗಲಿಗೆ ಮಾತನ್ನು ಹೊರಡಿಸುತ್ತದೆ ಎಂಬ ಇನ್ನೊಂದು ಕೀರ್ತನೆಯ ಸಾಲಿನಲ್ಲಿಯೂ ಲ್ಯಾಟಿನ್ನಿನಲ್ಲಿ ಇದೇ ಪದವಿದೆ. ಶತಮಾನಗಳ ಕಾಲ ಕ್ರೈಸ್ತರ ಇಗರ್ಜಿ, ಮಠಗಳಲ್ಲಿ ಹಾಡಿದ ಪದವಾದ್ದರಿಂದ, ಪಂಡಿತರು ಅದನ್ನು ಇಂಗ್ಲಿಷಿಗೆ ತರುವಾಗ ಅದರಲ್ಲಿ ಊಟದ ವಾಸನೆಯ ಜೊತೆಗೆ ಪ್ರಾರ್ಥನೆಯ ಧ್ವನಿಯೂ ಇತ್ತು.

ಸಂಸ್ಕೃತದ ‘ಉದ್ಗಾರ’ ಕನ್ನಡದಲ್ಲಿ ಮಾತಿನ ಹೆಸರಾದುದನ್ನು ಓದಿದಾಗ ನನಗೆ ಆಶ್ಚರ್ಯವೂ ಸಂತೋಷವೂ ಆಯಿತು. ಒಂದಕ್ಕೊಂದು ಸಂಬಂಧವಿಲ್ಲದೆ ಎರಡು ಕಡೆ ಜನರು ಗಂಟಲಿನಿಂದ ತಡೆಯಲಾಗದೆ ಬರುವ ಗಾಳಿಯನ್ನೂ ಹೃದಯದಿಂದ ತಡೆಯಲಾಗದೆ ಬರುವ ಮಾತನ್ನೂ ಒಂದೇ ಹೆಸರಿನಿಂದ ಕರೆದರು.

ಮಂಜೇಶ್ವರದ ನಿವೃತ್ತ ಅಧ್ಯಾಪಕಿ

‘ಉದ್ಗಾರ’ದ ಸಲಹೆಯನ್ನು ನಾನು ಹಿಂದಕ್ಕೆ ಪಡೆಯುತ್ತೇನೆ. ‘ಏನೆಂದರು ಎಂದು ಓದುಗರು ಕಾಯುತ್ತಾರೆ’ ಎಂಬ ಮಾತು ನನಗೆ ಸಂಪೂರ್ಣ ಒಪ್ಪಿಗೆಯಾಯಿತು. ಆದರೆ ‘ತಿಂದು ತೇಗು’ ಎಂಬ ನುಡಿಗಟ್ಟಿನ ಎಚ್ಚರವನ್ನು ಮಾಷ್ಟ್ರು ಮರೆಯಬಾರದು. ‘ಯಜಮಾನರು ತಿಂದು ತೇಗಿದರು’ ಎಂದು ಬರೆದರೆ ಇಂದಿನ ಓದುಗರಿಗೆ ಅವರು ಯಾರದೋ ಆಸ್ತಿಯನ್ನು ನುಂಗಿದಂತೆ ಕೇಳಿಸುತ್ತದೆ. ಊಟವನ್ನು ಒಂದು ವಾಕ್ಯದಲ್ಲಿ ಮುಗಿಸಿ, ತೇಗನ್ನು ಮುಂದಿನ ವಾಕ್ಯದಲ್ಲಿ ಇಡುವುದು ಕ್ಷೇಮ.

ಇನ್ನೊಂದು ಸೂಕ್ಷ್ಮವೂ ಇದೆ. ಕನ್ನಡದಲ್ಲಿ ‘ಅವರು ತೇಗಿದರು’ ಮತ್ತು ‘ಅವರಿಗೆ ತೇಗು ಬಂತು’ ಎಂಬ ಎರಡು ವಾಕ್ಯಗಳಿವೆ. ಎರಡನೆಯದರಲ್ಲಿ ತೇಗು ತಾನಾಗಿ ಬರುತ್ತದೆ. ಸೀನು, ಬಿಕ್ಕಳಿಕೆ, ನಿದ್ದೆ ಬಂದಂತೆ. ಮೊದಲನೆಯದರಲ್ಲಿ ಮಾಡಿದವರು ಅವರೇ. ಇಂಗ್ಲಿಷಿನ ಒಂದೇ ವಾಕ್ಯರಚನೆ ಈ ಎರಡನ್ನೂ ಹೊರುತ್ತದೆ, ಆದುದರಿಂದ ಬೇಕೆಂದು ಮಾಡಿದ್ದನ್ನು ತೋರಿಸಲು ನಿಮ್ಮ ಲೇಖಕರಿಗೆ ಬೇರೆ ಪದವೊಂದನ್ನು ಸೇರಿಸಬೇಕಾಯಿತು. ನಿಮಗೆ ಆ ಕಷ್ಟವಿಲ್ಲ.

ಕುಂಬಳೆಯ ಅಧ್ಯಾಪಕ

ಟೀಚರೇ, ಡಾಕ್ಟರೇ, ನೀರ್ಚಾಲಿನ ಮತ್ತು ಬೇಳದ ಗೆಳೆಯರೇ, ಒಂದು ಪದ ಕೇಳಿದ ನನಗೆ ನೀವು ಕೊಟ್ಟಿರುವುದು ಬಹಳ ದೊಡ್ಡದು. ನಿಮ್ಮೆಲ್ಲರ ಮಾತುಗಳನ್ನು ಎದುರಿಗಿಟ್ಟುಕೊಂಡು ಎರಡು ವಾಕ್ಯಗಳನ್ನು ಹೀಗೆ ತಿದ್ದಿದ್ದೇನೆ.

‘ಭೋಜನ ಮುಗಿಯಿತು. ಯಜಮಾನರು ಕೈ ತೊಳೆದು ಬಂದು, ಜಗಲಿಯ ಕಂಬಕ್ಕೆ ಒರಗಿ ಕುಳಿತು, ಒಮ್ಮೆ ದೀರ್ಘವಾಗಿ ತೇಗಿದರು.’

‘ದಡದಾಚೆಯ ಆ ಪರ್ವತ ರಾತ್ರಿಯಿಡೀ ಹೊಗೆ ಕಾರುತ್ತಲೇ ಇತ್ತು.’

ಮೂಲದ ಪದದಲ್ಲಿದ್ದ ಪಾಂಡಿತ್ಯದ ಬಿಗುವನ್ನು ‘ಭೋಜನ’ ಮತ್ತು ‘ದೀರ್ಘವಾಗಿ’ ಎಂಬ ಪದಗಳ ಹೆಗಲಿಗೆ ವರ್ಗಾಯಿಸಲು ಪ್ರಯತ್ನಿಸಿದ್ದೇನೆ. ‘ಬೇಕೆಂದೇ’ ಎಂಬ ಪದವನ್ನು ಮೊದಲು ಇಟ್ಟಿದ್ದೆ, ‘ತೇಗು ಬಂತು’ ಎನ್ನದೆ ‘ತೇಗಿದರು’ ಎಂದ ಮೇಲೆ ಅದು ಹೆಚ್ಚಾಯಿತೆಂದು ತೆಗೆದೆ. ಪರ್ವತದ ಬಗ್ಗೆ ‘ಉಗುಳು’ ಎಂದೂ ಬರೆಯಬಹುದಿತ್ತು, ಆದರೆ ಉಗುಳುವುದು ಒಂದು ಸಲಕ್ಕೆ ಮುಗಿಯುವ ಕೆಲಸದಂತೆ ಕೇಳಿಸುತ್ತದೆ, ಕಾರುವುದು ರಾತ್ರಿಯಿಡೀ ನಡೆಯಬಲ್ಲದು.

ನಿನ್ನೆ ತರಗತಿಯಲ್ಲಿ ಈ ಭಾಗವನ್ನು ಮತ್ತೆ ಓದಿಸಿದೆ. ತೇಗದ ಮರಕ್ಕೂ ತೇಗಿಗೂ ಸಂಬಂಧವಿದೆಯೇ ಎಂದು ಒಬ್ಬ ಕೇಳಿದ. ಇಲ್ಲವೆಂದೂ, ಇಂಗ್ಲಿಷಿನ ‘ಟೀಕ್’ ಎಂಬ ಮರದ ಹೆಸರು ನಮ್ಮ ನೆರೆಯ ಮಲಯಾಳಂ ಭಾಷೆಯಿಂದ ಪೋರ್ಚುಗೀಸರ ಮೂಲಕ ಹೋದುದೆಂದೂ ತಿಳಿಸಿದೆ. ನಿಘಂಟು ತಂದಿದ್ದ ಹುಡುಗಿ ಹೊಸ ಅನುವಾದವನ್ನು ತಾನೇ ಎದ್ದು ನಿಂತು ಓದಿದಳು. ಓದಿ ಮುಗಿಸಿ, ಸ್ವಲ್ಪ ಯೋಚಿಸಿ, “ಮಾಷ್ಟ್ರೇ, ಒಳಗೆ ಅಡಿಗೆಮನೆಯಲ್ಲಿ ಇರುವವರಿಗೆ ಕೇಳಲಿ ಅಂತಲೇ ಅವರು ತೇಗಿದ್ದು, ಅಲ್ಲವಾ?” ಎಂದು ಕೇಳಿದಳು.